ಮಂಗಳವಾರದ ರಜೆ

ಶವಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. "ಸ್ವಲ್ಪ ಹಿಂದಕ್ಕೆ ತಗೊಳ್ರೇ. ಬದುಕಿದ್ದಾಗಲೂ ಇವಳನ್ನ ಯಾರೂ ಸುಲಭಕ್ಕೆ ಹೊರಗೆ ಹಾಕೋಕಾಗಿಲ್ಲ," ಎಂದಳು ಮಿರ್ಲೆನಾ.

ಹೊತ್ತವರೆಲ್ಲ ಹೆಂಗಸರು. ನಿಕರಾಗುವಾದಿಂದ ಗಡಿ ದಾಟಿ ಬಂದು ಪಕ್ಕದ ದೇಶದ ಸಾನ್ ಹೊಸೆ ನಗರದ ದೊಡ್ಡ ಮನೆಗಳಲ್ಲಿ ಕೆಲಸಕ್ಕಿದ್ದವರು. ಪೆಟ್ಟಿಗೆಯಲ್ಲಿ ಮಲಗಿದ್ದ ಲಿಯೋನ್ಸಿಯಕ್ಕನೂ ಹಾಗೆಯೇ ಬಂದವಳು. ಹಿಂಬದಿಯ ಎಡಮೂಲೆಗೆ ಇನ್ನೊಂದು ಹೆಗಲು ಬೇಕಾಗಿತ್ತು.

"ಇದಾನಿಯಾ, ಬಾರೇ. ಅಲ್ಲೇನು ಗೋಡೆ ಕಾಯ್ತಿದ್ದೀಯ?"

ಇದಾನಿಯಾ ಬರಲಿಲ್ಲ. ಮೈಮೇಲೆ ಕೆಲಸದ ಏಪ್ರನ್ ಇನ್ನೂ ಇತ್ತು. ಬ್ರೆಡ್ ತರುತ್ತೇನೆಂದು ಹೇಳಿ ಬಂದವಳು ಅವಳು. ಭಾನುವಾರದ ರಜೆ ಯಜಮಾನಿಯ ನೆಂಟರ ಊಟಕ್ಕೆ ಹೋಗಿತ್ತು. ಬದಲಿಗೆ ಮಂಗಳವಾರ ತಗೋ ಎಂದಿದ್ದವಳು, ಇವತ್ತು ಬೆಳಿಗ್ಗೆ "ಮುಂದಿನ ವಾರ ನೋಡೋಣ" ಎಂದುಬಿಟ್ಟಿದ್ದಳು. ಕೆಲಸ ಹೋದರೆ ಊರಲ್ಲಿ ಮಗುವಿನ ಹಾಲಿಗೂ ಗತಿಯಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.

*

ಬದುಕಿದ್ದಾಗ ಪ್ರತಿ ಭಾನುವಾರ ಮಧ್ಯಾಹ್ನ ಪಾರ್ಕಿನ ಕಲ್ಲುಬೆಂಚು ಲಿಯೋನ್ಸಿಯಕ್ಕನದು. ಬಾಳೆಲೆಯಲ್ಲಿ ಮರಗೆಣಸು, ಹುರಿದ ಹಂದಿತೊಗಲು ತಿನ್ನುತ್ತ ಅವಳು ಹೊಸಬರಿಂದ ನಾಟಕ ಆಡಿಸುತ್ತಿದ್ದಳು. ಬ್ಯಾಗನ್ನು ತೊಡೆಯ ಮೇಲಿಟ್ಟು ಮೂಗು ಮೇಲೆತ್ತಿದಳೆಂದರೆ ಅವಳೇ ಯಜಮಾನಿ.

"ಕೇಳು, ನೋಡೋಣ," ಎಂದಳು ಒಂದು ಭಾನುವಾರ, ಇದಾನಿಯಾಳ ಸರದಿ ಬಂದಾಗ.

"ಅಮ್ಮಾ, ನಾಳೆ ನನ್ನ ರಜೆ..."

"ಅಯ್ಯೋ, ನಾಳೆ ನೆಂಟರು ಬರ್ತಾರಲ್ಲೇ."

"ಆಯ್ತಮ್ಮ," ಎಂದಳು ಇದಾನಿಯಾ.

"ಹಾಳಾಗ್ ಹೋಗ. ಮತ್ತೆ ಆಯ್ತಮ್ಮ ಅಂದ್ಯಲ್ಲೇ."

"ಇದಕ್ಕಿಂತ ಸುಲಭ ಇದೆ ಅಕ್ಕಾ. ಹೋದ ತಿಂಗಳು ಅಜ್ಜಿ ಸತ್ತಳು ಅಂದೆ, ತಕ್ಷಣ ಕಳಿಸಿದ್ರು," ಎಂದಳು ಇದಾನಿಯಾ.

ಎಲ್ಲರೂ ನಕ್ಕರು. ಮಿರ್ಲೆನಾ ತಾನು ಇಬ್ಬರು ಸೋದರಮಾವಂದಿರನ್ನು ಸಾಯಿಸಿದ್ದನ್ನು ಒಪ್ಪಿಕೊಂಡಳು. ಲಿಯೋನ್ಸಿಯಕ್ಕ ಮಾತ್ರ ನಗಲಿಲ್ಲ.

"ಸುಳ್ಳು ಹೇಳಿದ್ರೆ ಅವರು ಕೊಡೋದು ದಯೆ ಕಣೇ, ಹಕ್ಕಲ್ಲ. ವಾರಕ್ಕೊಂದು ದಿನ ನಿಂದೇ, ಇಲ್ಲಿನ ಕಾನೂನಲ್ಲೇ ಇದೆ. ನಮ್ಮಮ್ಮ ಸತ್ತ ಸುದ್ದಿ ಬಂದಾಗ ನಾನು ಇಸ್ತ್ರಿ ಮಾಡ್ತಿದ್ದೆ. ಊರಿಗೆ ಹೋಗೋಕೆ ರಜೆ ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಕಣ್ಣೊರೆಸ್ಕೊಂಡು ಅಂಗಿಗಳನ್ನೆಲ್ಲ ಮುಗಿಸಿದೆ."

ಆಮೇಲೆ ಮತ್ತೆ ಬ್ಯಾಗು ಎತ್ತಿಕೊಂಡಳು. "ಹ್ಞೂಂ, ಇನ್ನೊಂದ್ಸಲ."

ಆ ಬೆಂಚಿನಿಂದ ಎದ್ದುಹೋದವರು ಅಡುಗೆಮನೆಯಲ್ಲಿ ನಿಂತುಕೊಂಡಲ್ಲ, ಕೂತು ಉಣ್ಣುವುದನ್ನು ಕಲಿತರು, ಪಾಸ್‌ಪೋರ್ಟನ್ನು ಯಜಮಾನಿಯ ಬೀರುವಿನಿಂದ ಬಿಡಿಸಿಕೊಂಡರು. ಆ ಪುಣ್ಯಾತ್ಗಿತ್ತಿ ಯಾರಿಂದಲೂ ಒಂದು ಲೋಟ ಕಾಫಿ ಕೂಡ ಕೊಡಿಸಿಕೊಂಡವಳಲ್ಲ.

*

"ಫೋನ್ ತಗೊಂಡ್ ಮಾತಾಡೇ," ಎಂದಳು ಮಿರ್ಲೆನಾ. "ಪೆಟ್ಟಿಗೆ ಹೊತ್ತು ನಿಂತಿದ್ದೀವಿ."

ಇದಾನಿಯಾ ಫೋನು ಕಿವಿಗಿಟ್ಟಳು.

"ಎಲ್ಲಿ ಹಾಳಾಗ್ ಹೋದೆ? ಬ್ರೆಡ್ ತರೋಕೆ ಇಷ್ಟು ಹೊತ್ತಾ?"

"ಮಣ್ಣಿಗೆ ಬಂದಿದ್ದೀನಮ್ಮ."

"ಹೋದ ತಿಂಗಳು ತಾನೇ ನಿನ್ನ ಅಜ್ಜಿ ಸತ್ತಳು. ಈಗ ಇನ್ಯಾರು? ಸುಮ್ನೆ ಬಾ, ಮನೆ ತುಂಬ ಜನ."

"ಆಯ್ತಮ್ಮ."

ಬಾಯಿತಪ್ಪಿ ಬಂದಿತ್ತು. ಮಿರ್ಲೆನಾ ಕಣ್ಣು ಮುಚ್ಚಿಕೊಂಡಳು. ಇದಾನಿಯಾಳ ಮುಖವೆಲ್ಲ ಬೆವರಿತು.

"ಅಮ್ಮಾ, ಅಜ್ಜಿ ಬದುಕಿದ್ದಾಳೆ. ಅವತ್ತು ಸುಳ್ಳು ಹೇಳಿದ್ದೆ. ಇವತ್ತು ನನ್ನ ರಜೆ. ನಾಳೆ ಬರ್ತೀನಿ."

ಆ ಕಡೆ ತಟ್ಟೆಗಳ ಸದ್ದು ಮಾತ್ರ ಕೇಳಿಸುತ್ತಿತ್ತು.

"ನಾಳೆ ತಿಂಡಿ ಹೊತ್ತಿಗೆ ಬಂದ್ಬಿಡು," ಎಂದಿತು ಧ್ವನಿ. ಫೋನು ಕಟ್ಟಾಯಿತು.

"ಏನಂದ್ಲು?"

"ನಾಳೆ ಬಾ ಅಂದ್ರು." ಇದಾನಿಯಾ ಪೆಟ್ಟಿಗೆಯ ಹತ್ತಿರ ಬಂದು ಹಲಗೆಯ ಮೇಲೆ ಅಂಗೈ ಇಟ್ಟಳು. "ಇಷ್ಟೇನಾ ಅಕ್ಕಾ? ಇಷ್ಟು ಕೇಳಿದ್ರೆ ನೀನೂ ನಿಮ್ಮಮ್ಮನ್ನ ನೋಡ್ಬಹುದಿತ್ತಾ?" ಎನ್ನುತ್ತ ಬಿಕ್ಕಿ ಬಿಕ್ಕಿ ಅತ್ತಳು.

ಮಿರ್ಲೆನಾ ಅವಳ ತೋಳು ಹಿಡಿದು ಖಾಲಿಯಿದ್ದ ಮೂಲೆಗೆ ನಿಲ್ಲಿಸಿದಳು. ಇದಾನಿಯಾ ಗಿಡ್ಡಿ. ತುದಿಗಾಲಲ್ಲಿ ನಿಂತರೂ ಹೆಗಲಿಗೂ ಹಲಗೆಗೂ ನಡುವೆ ಒಂದು ಗೇಣು ಉಳಿಯಿತು. ಮಿರ್ಲೆನಾ ಮೊದಲು ಮೊಣಕಾಲು ಬಗ್ಗಿಸಿದಳು, ಆಮೇಲೆ ಪಕ್ಕದವಳು, ಆಮೇಲೆ ಎಲ್ಲರೂ. ಪೆಟ್ಟಿಗೆ ಮೆಲ್ಲಗೆ ಇಳಿದು ಇದಾನಿಯಾಳ ಹೆಗಲ ಮೇಲೆ ಕೂತಿತು. ಹಾಗೆ ಅರ್ಧ ಕುಕ್ಕರಿಸಿಕೊಂಡೇ ಅವರೆಲ್ಲ ಬಾಗಿಲು ದಾಟಿ ಸ್ಮಶಾನದ ಏರು ಹತ್ತಿದರು.