ಅಂಚಿನ ಹಸಿರು ನೂಲು

ಟಕಟಕ ನಿಂತಿತು, ಮತ್ತೆ ಶುರುವಾಯಿತು, ಟೈಲರ್ ಮಾಸ್ತರ್ ಕಾಲು ಹೊಲಿಗೆ ಮಿಷನ್ನಿನ ಪೆಡಲ್ ಮೇಲಿದ್ದರೆ ಮಾತ್ರ ಬಾಯಿ ಬಿಡುತ್ತಾರೆ, ಮೊದಲ ಸಲ ಬಂದಾಗ ಅವರ ಧ್ವನಿ ಚೊಕ್ಕವಾಗಿ ಸಿಗಲೆಂದು ಮಿಷನ್ ನಿಲ್ಲಿಸಿ ಅಂದಿದ್ದೆ, ಎಂಥ ಪೆದ್ದಿ ನಾನು, ಮಿಷನ್ ಜೊತೆ ಮನುಷ್ಯರೂ ನಿಂತುಬಿಟ್ಟರು, ಹೌದು, ಇಲ್ಲ, ಅಷ್ಟೆ, ರೆಕಾರ್ಡರ್ ತುಂಬ ಫ್ಯಾನಿನ ಸದ್ದು — ಇವತ್ತು ಹೊಲಿಯುತ್ತಲೇ ಹೇಳಿ ಅಂದೆ, ಯಾರದೋ ಪ್ಯಾಂಟಿನ ಜಿಪ್ ಬದಲಾಯಿಸುತ್ತ ಎಷ್ಟೋ ವರ್ಷದ ಹಿಂದಿನದನ್ನೆಲ್ಲ ಸಲೀಸಾಗಿ ಹೇಳುತ್ತಿದ್ದಾರೆ, ಈ ಬೀದಿಯಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮೆಚ್ಚಿ ಬಾಳಿದವರ ಕಥೆಯನ್ನು ಅವರ ಬಾಯಿಂದಲೇ ಕೇಳಿ ಕೂಡಿಡುವುದು ನನ್ನ ಕೆಲಸ, ಕೆಲಸವೇನು ಬಂತು, ಕಂಡವರ ಮನೆಯೊಳಗೆ ಮೂಗು ತೂರಿಸುವುದು, ಚಿಕ್ಕಂದಿನ ಚಾಳಿಗೆ ಈಗ ಗ್ರಂಥಾಲಯದವರು ಒಂದು ಕುರ್ಚಿ ಕೊಟ್ಟಿದ್ದಾರೆ ಅಷ್ಟೆ. ಪಕ್ಕದ ಕಟಿಂಗ್ ಶಾಪಿನಿಂದ ಕತ್ತರಿಯ ಕಚಕಚ ಕೇಳುತ್ತಿದೆ, ಅದು ಮಾಸ್ತರ್ ಜೊತೆ ಬಾಳುವವರು, ಮಾಸ್ತರ್ ಅವರನ್ನು ನಮ್ಮವರು ಅನ್ನುತ್ತಾರೆ, ಈ ವಯಸ್ಸಿನಲ್ಲೂ ಹಾಗನ್ನುವಾಗ ಹೊಸ ಮದುವಣಿಗನ ಹಾಗೆ ತಲೆ ತಗ್ಗಿಸುತ್ತಾರೆ, ಬೀದಿಯವರು ಇಬ್ಬರಿಗೂ ಸೇರಿಸಿ ಎರಡು ಕತ್ತರಿ ಅಂತ ಹೆಸರಿಟ್ಟಿದ್ದಾರಂತೆ, ಮೊದಮೊದಲು ಗೇಲಿಗೆ, ಆಮೇಲಾಮೇಲೆ ವಿಳಾಸಕ್ಕೆ, ಎರಡು ಕತ್ತರಿ ದಾಟಿ ಎಡಕ್ಕೆ ತಿರುಗಿ ಅಂತ ಆಟೋದವರೂ ಹೇಳುತ್ತಾರೆ.

ಆದರೆ ನನ್ನ ಕಣ್ಣೆಲ್ಲ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅಲ್ಲಿ ಹರಡಿದೆ ಇಂಥ ಜೋಡಿಗಳೆಲ್ಲ ಬೀದಿಗಿಳಿದ ಮೊಟ್ಟಮೊದಲ ಮೆರವಣಿಗೆಯ ಬ್ಯಾನರ್, ನಾವೂ ಇದೇ ಬೀದಿಯವರು ಎಂಬ ಅಕ್ಷರಗಳು, ಸುತ್ತ ಬಣ್ಣಬಣ್ಣದ ಪಟ್ಟಿ, ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಚೂರುಗಳವು, ಕಿತ್ತಳೆ ಯಾರದೋ ಪರದೆ, ನೇರಳೆ ಯಾರದೋ ಕೋಟಿನ ಲೈನಿಂಗು, ಆ ಕೋಟಿನ ಯಜಮಾನರು ಮೆರವಣಿಗೆಗೆ ಬೈದು ಪತ್ರಿಕೆಗೆ ಬರೆದರಂತೆ, ಅವರ ಲೈನಿಂಗೇ ಮುಂದೆ ಹೋಗ್ತಿತ್ತು ನೋಡಮ್ಮ, ಮಾಸ್ತರ್ ನಗುತ್ತಾರೆ, ಟಕಟಕ — ಈ ವಾರ ಅದು ಗ್ರಂಥಾಲಯದ ಗೋಡೆ ಏರಬೇಕು, ಕೆಳಗೆ ಹೊಲಿದವರ ಪರಿಚಯ ಇರಬೇಕು, ನಾನೇ ಹೊಲಿದಿದ್ದು ಅಂತ ಹಾಕು ಅಂದರು, ಹಾಕುತ್ತಿದ್ದೆ, ಆದರೆ ಆ ಕೆಳಗಿನ ಅಂಚು, ಹಸಿರು ನೂಲು, ಕೈಹೊಲಿಗೆ, ಒಂದು ಉದ್ದ ಒಂದು ಗಿಡ್ಡ, ಅಡ್ಡಾದಿಡ್ಡಿ, ಗುಂಡಿ ಹಾಕಿದರೂ ಅಳೆದು ಹಾಕುವ ಮಾಸ್ತರ್ ಕೈಯಲ್ಲ ಅದು, ಕೇಳಲೋ ಬೇಡವೋ, ಕೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ, ಈ ಅಂಚು ಯಾರದು ಮಾಸ್ತರ್ ಅಂದೆ, ಟಕಟಕ ನಿಂತಿತು, ಪೆಡಲ್ ಒತ್ತದೆಯೇ ಅಂದರು, ಅಮ್ಮಂದು.

ಅಮ್ಮ, ಇವರು ತಮ್ಮ ಜೊತೆಗಾರರ ವಿಷಯ ಬಾಯಿಬಿಟ್ಟು ಹೇಳಿದ ಮೇಲೆ ಮಾತು ಬಿಟ್ಟ ಅಮ್ಮ, ಮಾಸ್ತರ್ ಹೇಳುತ್ತಾರೆ, ಊಟ ಬಡಿಸ್ತಿದ್ಳು ಮಾತು ಬಡಿಸ್ಲಿಲ್ಲ, ನನ್ನ ಬಟ್ಟೆ ಮುಟ್ತಿರಲಿಲ್ಲ, ನಾನೇ ಒಗ್ಕೊಳ್ತಿದ್ದೆ, ನಮ್ಮವರು ಬಾಗಿಲ ಹೊರಗೆ ಸೈಕಲ್ ಬೆಲ್ ಹೊಡೆದು ನಿಲ್ಲೋರು, ಒಳಗೆ ಬಾ ಅನ್ನೋರಿಲ್ಲ, ಮೆರವಣಿಗೆ ದಿನ ಬೆಳಿಗ್ಗೆ ಮನೇಲಿ ಹೊಲೀತಾ ಒಂದಂಚು ಬಾಕಿ ಇದ್ದಾಗ ಮಿಷನ್ ಬೆಲ್ಟ್ ಕಿತ್ಹೋಯ್ತು, ಬೆಲ್ಟ್ ತರೋಕೆ ಓಡಿದೆ, ಬಂದು ನೋಡಿದ್ರೆ ಅಂಚು ಆಗಿದೆ, ಅಮ್ಮ ಅಡುಗೆಮನೇಲಿ ಪಾತ್ರೆ ಉಜ್ತಿದ್ದಾಳೆ, ಅಂಚು ಮಡಿಸದಿದ್ರೆ ಎಳೆ ಬಿಟ್ಕೊಳ್ಳುತ್ತೆ, ಅಷ್ಟೇ ಅಂದಿದ್ದು, ಗೋಡೆ ಕಡೆ ಮುಖ ಮಾಡಿ — ಅವಳಿಗೆ ಓದೋಕೆ ಬರ್ತಿರಲಿಲ್ಲಮ್ಮ, ಗಿರಾಕಿ ಬೆಡ್‌ಶೀಟ್ ಅಂದ್ಕೊಂಡ್ಳೋ ಏನೋ, ತಿಳಿದು ಹೊಲಿದಳೋ ತಿಳಿಯದೆ ಹೊಲಿದಳೋ, ಇವತ್ತಿಗೂ ಅದೇ ನನ್ನ ಕೊರೆಯೋದು, ತಿಳಿಯದೆ ಮಾಡಿದ್ದಕ್ಕೆ ಗೋಡೆ ಮೇಲೆ ಅವಳ ಹೆಸರು ಹಾಕಿದ್ರೆ ಸತ್ತವಳಿಗೆ ಮೋಸ ಮಾಡಿದ ಹಾಗಲ್ವಾ. ನನ್ನಮ್ಮನೂ ಫೋನಿನಲ್ಲಿ ಕೇಳುತ್ತಾಳೆ, ನಿನ್ನ ಜೊತೆ ಇರೋ ಆ ಹುಡುಗಿ ಊಟ ಮಾಡಿದ್ಲಾ, ಆ ಹುಡುಗಿಗೂ ಈಗ ನಲವತ್ತು, ಅಮ್ಮನಿಗೆ ಏನು ಗೊತ್ತು ಎಷ್ಟು ಗೊತ್ತು, ಊರವರನ್ನೆಲ್ಲ ಕೇಳುವ ನಾನು ಅದೊಂದನ್ನು ಕೇಳಿಲ್ಲ, ಭಯ, ಬೇರೇನಲ್ಲ.

ಬ್ಯಾನರಿನ ಮೂಲೆಯಲ್ಲಿ ಮಡಿಕೆಯ ಕೆಳಗಿನಿಂದ ಹಸಿರು ನೂಲಿನ ಮೂರು ಇಂಟು ಗುರುತು ಇಣುಕುತ್ತಿದೆ, ಇದೇನು ಮಾಸ್ತರ್, ಅದಾ, ಲಾಂಡ್ರಿ ಗುರುತು, ಬಟ್ಟೆ ಕಳೆದುಹೋಗದೆ ಮನೆಗೆ ಬರಲಿ ಅಂತ ಅಮ್ಮ ಹಾಕ್ತಿದ್ಳು, ಅಣ್ಣಂಗೆ ಒಂದು ಇಂಟು, ಅಕ್ಕಂಗೆ ಎರಡು, ನಂಗೆ ಮೂರು, ಮದುವೆಯಾಗಿ ಬಂದವರಿಗೆ ಗಂಡಂದೋ ಹೆಂಡತೀದೋ ಗುರುತಿನ ಪಕ್ಕ ಒಂದು ಸೊನ್ನೆ, ಅತ್ತಿಗೆಗೂ ಹಾಗೇ ಭಾವಂಗೂ ಹಾಗೇ, ಇದು ಬರೀ ಕೈ ಅಭ್ಯಾಸ ಬಿಡು, ನನ್ನ ಮೇಜಿನ ಮೇಲಿತ್ತು ಹಾಕಿದ್ಳು, ಅದರಿಂದ ಏನೂ ಗೊತ್ತಾಗಲ್ಲ — ಆದರೆ ಮೂರರ ಪಕ್ಕದಲ್ಲಿ ಮಡಿಕೆ ಉಬ್ಬಿದೆ, ಬೆರಳಿಗೆ ಗಂಟಿನಂಥದ್ದು ಸಿಗುತ್ತಿದೆ, ಬಿಚ್ಚಬೇಡ, ಮಾಸ್ತರ್ ಗದರಿದರು, ಅಮ್ಮ ಹಾಕಿದ್ದನ್ನ ನಾನೇ ಬಿಚ್ಚಿ ನೋಡಿಲ್ಲ, ಇಲ್ಲ ಮಾಸ್ತರ್ ಬಿಚ್ಚುವುದಿಲ್ಲ, ಮೊಬೈಲಿನ ಟಾರ್ಚ್ ಹಚ್ಚಿ ಬಟ್ಟೆಯ ಅಡಿಗೆ ಹಿಡಿದೆ, ಮೂರು ಇಂಟು, ಪಕ್ಕದಲ್ಲಿ, ಗಂಟಲ್ಲ, ಗಂಟು ಇಷ್ಟು ದುಂಡಗಿರುವುದಿಲ್ಲ, ಅಡ್ಡಾದಿಡ್ಡಿ ಹೊಲಿದ ಕೈ ಇಲ್ಲಿ ಮಾತ್ರ ನಿಧಾನವಾಗಿ ಸುತ್ತು ಬಂದಿದೆ, ಮಾಸ್ತರ್ ಕನ್ನಡಕ ಹಾಕಿಕೊಂಡರು, ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು, ನಮ್ಮವರನ್ನ ಕರಿ ಅಂದರು, ನಾನು ಕರೆದೆನೋ ಕೂಗಿದೆನೋ, ಕಚಕಚ ನಿಂತಿತು, ಅರ್ಧ ಕಟಿಂಗಿನ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಕೈಯಲ್ಲಿ ಕತ್ತರಿ ಹಿಡಿದೇ ಬಂದರು, ಬಗ್ಗಿ ನೋಡಿದರು, ಇದೇನೋ ಇದು ಅಂದರು, ಮಾಸ್ತರ್ ಅಂದರು, ನೀನು, ಅಷ್ಟೆ, ನೀನು — ಮುಂದೇನು ಕೇಳಬೇಕಿತ್ತು ನಾನು, ಏನೋ ಇತ್ತು, ಟಾರ್ಚ್ ಆರಿಸಬೇಕು, ಆರಿಸಲಾಗುತ್ತಿಲ್ಲ, ಬೆಳಕು ಹಾಗೇ ಇದೆ, ಮೂರು ಇಂಟು, ಪಕ್ಕದಲ್ಲಿ ಹಸಿರು ಸೊನ್ನೆ, ಮೂರು ಇಂಟು, ಪಕ್ಕದಲ್ಲಿ, ಹಸಿರು ಸೊನ್ನೆ