ಟೇಪಿನ ಫುಟ್‌ಪಾತ್

"ಈ ಸೀರೆ ಬೇಡಮ್ಮ. ಇದನ್ನ ಉಟ್ಕೊಂಡು ಕೂತ್ರೆ ಯಾರಿಗೂ ಕರುಳು ಚುರುಕ್ ಅನ್ನಲ್ಲ. ದಿನಾ ಉಡೋದು ಇಲ್ವಾ?"

ತರಬೇತಿಯ ಮೇಡಂ ನನ್ನ ಸೆರಗನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟರು. ದೊಡ್ಡ ಕಟ್ಟಡಕ್ಕೆ ಕರೆದಿದ್ದಾರೆಂದು ಪೆಟ್ಟಿಗೆಯ ತಳದಲ್ಲಿದ್ದ ಒಂದೇ ಒಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದೆ. ಸೊಂಟದ ಮೇಲಿದ್ದ ಮಗಳಿಗೂ ಎಣ್ಣೆ ಹಚ್ಚಿ ತಲೆ ಬಾಚಿದ್ದೆ.

"ಮಗು ಇರ್ಲಿ. ಮಗು ಚೆನ್ನಾಗಿದೆ," ಎಂದರು ಮೇಡಂ. "ತಲೆ ಸ್ವಲ್ಪ ಕೆದರಿಬಿಡಿ."

ಹಿಂದೆ ನಿಂತಿದ್ದ ನಮ್ಮತ್ತೆ ಬಾಯಿಗೆ ಬೀಗ ಹಾಕಿಕೊಂಡು ಬರುತ್ತೇನೆಂದು ಮನೆಯಲ್ಲೇ ಮಾತು ಕೊಟ್ಟಿದ್ದಳು. ಬೀಗ ಅಲ್ಲಿಗೇ ಕಳಚಿತು. "ಹರಿದಿರೋದು ಬೇಕಂತೇನೇ ಈ ಮಹಾತಾಯಿಗೆ? ನಂದು ಬಿಚ್ಕೊಡ್ತೀನಿ ಅನ್ನು. ಹಿಂದೆ ಎರಡು ಕಡೆ ಗಾಳಿ ಆಡ್ತದೆ."

ಮೇಡಂಗೆ ಆ ಮಾತು ಬಹಳ ಹಿಡಿಸಿತು. ಬಚ್ಚಲುಮನೆಯ ಬಾಗಿಲ ಹಿಂದೆ ನಿಂತು ಸೊಸೆ ಅತ್ತೆ ಇಬ್ಬರೂ ಸೀರೆ ಬದಲಾಯಿಸಿಕೊಂಡೆವು. ನಾನು ಬಡವಿಯಾಗಿ ಹೊರಬಂದೆ, ಅತ್ತೆ ಮದುಮಗಳಾಗಿ ಬಂದಳು.

ನಾನು ಬಸ್‌ಸ್ಟ್ಯಾಂಡಿನ ಎದುರಿನ ಫುಟ್‌ಪಾತಿನಲ್ಲಿ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುವವಳು. ಹರಿದ ಚೀಲ, ಕಿತ್ತ ಜಿಪ್ಪು, ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟು. ಆ ಮಿಷನ್ ತುಳಿದರೆ ನಮ್ಮ ಮೂರು ಹೊಟ್ಟೆಗೆ ಊಟ. ಹೋದ ತಿಂಗಳು ನಗರಸಭೆಯ ಲಾರಿ ಬಂದು, ಫುಟ್‌ಪಾತ್ ನಡೆಯುವವರಿಗೆ ಎಂದು ಹೇಳಿ ಮಿಷನ್ನನ್ನು ಎತ್ತಿಕೊಂಡು ಹೋಗಿತ್ತು. ಲಾರಿಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದವರು ನಗರ ಯೋಜನೆಯ ಸಾಹೇಬರು. ಅಲ್ಲಿಂದ ಈಚೆಗೆ ಜಪ್ತಿ ಸಾಮಾನಿನ ಅಂಗಳದ ಕಿಟಕಿಗೆ ಹೋಗಿ ನಿಲ್ಲುವುದೇ ನನ್ನ ಕಸುಬಾಗಿತ್ತು. ಹೀಗಿರುವಾಗ ಈ ಮೇಡಂ ಮನೆಗೇ ಆಳು ಕಳಿಸಿದ್ದರು: ಒಂದು ದಿನ ಬಂದು ಕೂತುಕೊಳ್ಳಬೇಕು, ಮಿಷನ್ನೂ ಬರುತ್ತದೆ.

ಮಿಷನ್ನೂ ಬರುತ್ತದೆ ಎಂದ ಮೇಲೆ ನಾನು ಬೆಂಕಿಯ ಮೇಲೆ ಕೂರು ಎಂದರೂ ಕೂರುತ್ತಿದ್ದೆ.

ಊರಿನ ನಕ್ಷೆ ಹಾಕುವ ಅಧಿಕಾರಿಗಳು ವರ್ಷಕ್ಕೊಮ್ಮೆ ಪಾಠ ಕಲಿಯಬೇಕಂತೆ. ಕಲಿಯದಿದ್ದರೆ ಬಡ್ತಿ ಇಲ್ಲವಂತೆ. ಈ ವರ್ಷದ ಪಾಠ ಸಮಾನತೆ, ಸಂಚಾರ, ತಂತ್ರಜ್ಞಾನ. ಅದಕ್ಕಾಗಿ ಆ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ, ನೆಲದ ಮೇಲೆ ಹಳದಿ ಟೇಪು ಅಂಟಿಸಿ, ನಿಜವಾದ ಅಳತೆಯಲ್ಲೇ ಒಂದು ಬೀದಿ ಮಾಡಿದ್ದರು. ಟೇಪಿನ ಈ ಕಡೆ ರಸ್ತೆ, ಆ ಕಡೆ ಫುಟ್‌ಪಾತ್. ಕೋಟು ತೂಗುಹಾಕುವ ಕಂಬಕ್ಕೆ ಹಸಿರು ಕಾಗದ ಸುತ್ತಿ ಮರ ಮಾಡಿದ್ದರು. ನಾಲ್ಕು ಜನ ಅಧಿಕಾರಿಗಳು ಹಗ್ಗದೊಳಗೆ ನಿಂತುಕೊಂಡು ಬಸ್ಸಾಗಿದ್ದರು. ಮುಂದಿನವನು ಡ್ರೈವರ್. ಹಿಂದಿನವನು ತೂಕಡಿಸುತ್ತಿದ್ದ. ಒಬ್ಬ ದಪ್ಪಗಿನವನ ಮೊಣಕಾಲಿಗೆ ಮರಳಿನ ಚೀಲ ಕಟ್ಟಿ ಮುದುಕನನ್ನಾಗಿ ಮಾಡಿದ್ದರು.

ನಡುವೆ, ಮರದ ಪಕ್ಕದಲ್ಲಿ, ನನ್ನ ಮಿಷನ್.

ಎತ್ತಿಕೊಂಡು ಹೋದ ದಿನ ಹೇಗಿತ್ತೋ ಹಾಗೇ ಇತ್ತು. ಸೂಜಿಯಲ್ಲಿ ದಾರ ಪೋಣಿಸಿದಂತೆಯೇ ಇತ್ತು. ಧೂಳು ಕೂತಿತ್ತು, ಅಷ್ಟೆ. ಸೆರಗಿನಿಂದ ಒರೆಸಿದೆ. ಮಗಳು ಇಳಿದು ಮಿಷನ್ನಿನ ಕಾಲು ತಬ್ಬಿಕೊಂಡಳು. ರೂಢಿಯಂತೆ ಅವಳ ಸೊಂಟಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಮಿಷನ್ನಿನ ಕಾಲಿಗೆ ಕಟ್ಟಿದೆ, ರಸ್ತೆಗೆ ಹೋಗದಿರಲಿ ಎಂದು. ರಸ್ತೆ ಟೇಪಿನದು ಎಂಬುದು ನನ್ನ ಕೈಗೆ ಗೊತ್ತಿರಲಿಲ್ಲ.

"ಸಂಜೆ ಮನೆಗೆ ಒಯ್ಯಬಹುದಾ ಮೇಡಂ?" ಎಂದೆ.

"ಅಯ್ಯೋ ಇಲ್ಲಮ್ಮ. ಇದನ್ನ ಅಂಗಳದಿಂದ ಒಂದು ದಿನಕ್ಕೆ ಇಸ್ಕೊಂಡಿರೋದು, ಬೋಧನಾ ಸಾಮಗ್ರಿ ಅಂತ. ಐದು ಗಂಟೆಗೆ ಲಾರಿ ಬಂದು ವಾಪಸ್ ಒಯ್ಯತ್ತೆ."

"ನಂದೇ ಅಲ್ವಾ ಮೇಡಂ ಇದು."

"ನಿಮ್ಮದೇ ಆಗಿರೋದ್ರಿಂದ್ಲೇ ಪಾಠ ಅಷ್ಟು ಚೆನ್ನಾಗಿ ಬರೋದು," ಎಂದು ಮೇಡಂ ನನ್ನ ಭುಜ ತಟ್ಟಿದರು.

ಅತ್ತೆ ಗೋಡೆಬದಿಯ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಗೊಣಗಿದಳು. "ಹಸು ಕದ್ದೋನು ಕರು ತೋರ್ಸಿ ಹಾಲು ಕರ್ಕೊಂಡ ಅನ್ನೋ ಹಂಗಾಯ್ತು. ಹಲ್ಕಾ ಮುಂಡೇವು."

ಒಳ್ಳೆಯ ಸೀರೆ ನೋಡಿ ಅವಳನ್ನು ಯಾರೋ ದೊಡ್ಡ ಅತಿಥಿ ಎಂದುಕೊಂಡ ಒಬ್ಬ ಹುಡುಗಿ ನೀರಿನ ಬಾಟಲಿ ತಂದುಕೊಟ್ಟು ನಮಸ್ಕಾರ ಮಾಡಿ ಹೋದಳು.

ಊಟವಾದ ಮೇಲೆ ತಂತ್ರಜ್ಞಾನ ಬಂತು. ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಡಬ್ಬಿ. ಅದನ್ನು ಕಟ್ಟಿಕೊಂಡರೆ ಬೀದಿ ಕಾಣಿಸುತ್ತದಂತೆ. ಅವರು ಆಗಲೇ ಬೀದಿಯಲ್ಲಿ ನಿಂತಿದ್ದರಲ್ಲ ಎಂದು ನಾನು ಕೇಳಲಿಲ್ಲ. ಅವತ್ತು ಲಾರಿಯ ಪಕ್ಕ ಕೊಡೆ ಹಿಡಿದಿದ್ದ ಸಾಹೇಬರೂ ಕಲಿಯಲು ಬಂದಿದ್ದರು, ಅವರೇ ಮೊದಲು ಕಟ್ಟಿಕೊಂಡರು. ಮೈಮೇಲೆ ಬೂದು ಬಣ್ಣದ ಹೊಸ ಕೋಟು. "ಆಹಾ, ಎಷ್ಟು ಅಗಲ ಇದೆ ಫುಟ್‌ಪಾತು," ಎನ್ನುತ್ತ ಕೈ ಬೀಸಿಕೊಂಡು ಬಂದರು, ನೆಟ್ಟಗೆ ನನ್ನ ಕಡೆಗೇ.

"ಸರ್, ಮಿಷನ್ ಇದೆ," ಎಂದೆ.

"ಎಲ್ಲಿ?"

"ನಿಮ್ಮ ಮುಂದೇನೇ ಸರ್. ನಾನೂ ಇದೀನಿ."

ಅವರು ನಿಂತು, ಡಬ್ಬಿಯ ಸಮೇತ ತಲೆ ಮೇಲೆ ಕೆಳಗೆ ಆಡಿಸಿದರು. "ಇಲ್ಲಮ್ಮ. ಇದ್ರಲ್ಲಿ ನೀನಿಲ್ಲ," ಎಂದು ಹೇಳಿ ಒಂದು ಹೆಜ್ಜೆ ಮುಂದಿಟ್ಟರು. ಕೋಟಿನ ಜೇಬು ಮಿಷನ್ನಿನ ಚಕ್ರದ ಹಿಡಿಗೆ ಸಿಕ್ಕಿ ಪರ್ರೆಂದಿತು. ಮಗಳು ಕಿಲಕಿಲ ನಕ್ಕಳು. ಸಾಹೇಬರು ಡಬ್ಬಿ ತೆಗೆಯದೆಯೇ ಮರವಾಗಿದ್ದ ಕಂಬಕ್ಕೆ "ಸಾರಿ" ಎಂದರು.

ಆಮೇಲೆ ಡಬ್ಬಿ ಬಿಚ್ಚಿ ಜೇಬು ನೋಡಿಕೊಂಡಾಗ ಅವರ ಮುಖ ಇಷ್ಟೇ ಇಷ್ಟಾಯಿತು. "ನನ್ನ ಮಗಳು ಕೊಡಿಸಿದ ಕೋಟು ಇದು. ಸಾಯಂಕಾಲ ಫೋಟೋ ಬೇರೆ ಇದೆ. ಬೇಗ ಹೊಲಿ ನೋಡೋಣ." ಕೋಟು ಬಿಚ್ಚಿ ಮಿಷನ್ನಿನ ಮೇಲೆ ಎಸೆದರು. ಒಳಜೇಬಿನಲ್ಲಿ ಮೊಬೈಲು, ಕಾರಿನ ಕೀ ಭಾರವಾಗಿದ್ದವು.

ನಾನು ಕಾಲಿಟ್ಟು ತುಳಿದೆ. ಇಷ್ಟು ದಿನ ಬಿಟ್ಟಿದ್ದರೂ ಮಿಷನ್ ಒಂದು ಸಲ ಕೂಡ ಮುನಿಸಿಕೊಳ್ಳಲಿಲ್ಲ.

ಕೊನೆಯ ಪಾಠ ನನ್ನ ಮೇಲೆಯೇ ಇತ್ತು. ಈ ಬೀದಿಯಲ್ಲಿ ಹೊಲಿಗೆಯವಳಿಗೆ ಜಾಗ ಹುಡುಕಬೇಕು. ಯಾರ ಗುಂಪು ಚೆನ್ನಾಗಿ ಹುಡುಕುತ್ತದೋ ಅದಕ್ಕೆ ಬಹುಮಾನ. ಮೊದಲನೇ ಗುಂಪು ನನ್ನನ್ನು ಬಸ್‌ಸ್ಟಾಪಿಗೆ ತಳ್ಳಿತು. ಬಸ್ಸಾಗಿದ್ದವರು ತಿರುಗುವುದಕ್ಕೆ ಜಾಗ ಸಾಲದೆಂದು ಜಗಳ ತೆಗೆದರು. ಎರಡನೆಯದು ನನ್ನನ್ನು ಬಾಗಿಲ ಸಂದಿಗೆ ಇಟ್ಟಿತು. ಅಲ್ಲಿ ಮುದುಕ ಎಡವಿದ. ಪ್ರತಿ ಸಲವೂ ಇಬ್ಬರು ಮಿಷನ್ ಹಿಡಿದು, ಒಬ್ಬ ಮಗುವನ್ನು ಎತ್ತಿ, ನಾನು ಕೋಟು ಜೋಪಾನವಾಗಿ ಹಿಡಿದು, ಮೆರವಣಿಗೆ ಹೊರಟಂತೆ ಹೊರಡುತ್ತಿದ್ದೆವು.

"ದೇವ್ರು ಕೂಡ ಇಷ್ಟು ಕಡೆ ಕೂತಿಲ್ಲ ಕಣೇ," ಎಂದಳು ಅತ್ತೆ.

ಸಾಹೇಬರ ಗುಂಪು ನನ್ನನ್ನು ಮತ್ತೆ ಮರದ ಕೆಳಗೇ ತಂದು ಕೂರಿಸಿತು. ಸಾಹೇಬರು ಬರೀ ಅಂಗಿಯಲ್ಲಿ ಮಂಡಿಯೂರಿ, ನನ್ನ ಸುತ್ತ ತಮ್ಮ ಕೈಯಾರೆ ಹಳದಿ ಟೇಪಿನ ಚೌಕ ಅಂಟಿಸಿದರು. ಎದ್ದು ನಿಂತು ಏದುಸಿರು ಬಿಡುತ್ತ ಹೇಳಿದರು:

"ಮಿತ್ರರೇ, ಬೀದಿ ಎಲ್ಲರದು. ಈ ಚೌಕ ಈ ತಾಯಿಯದು. ಇಲ್ಲಿಂದ ಇವರನ್ನ ಯಾರೂ ಎಬ್ಬಿಸೋ ಹಾಗಿಲ್ಲ."

ಚಪ್ಪಾಳೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡರು. ಸಾಹೇಬರ ಗುಂಪಿಗೆ ಮೊದಲ ಬಹುಮಾನ ಎಂದು ಸಾರಿದರು. ನನಗೂ ಅರೆಗಳಿಗೆ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಬಾಗಿಲಲ್ಲಿ ಲಾರಿಯ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದು ನಿಂತ. ಅವತ್ತು ಮಿಷನ್ ಎತ್ತಿದವನೂ ಅವನೇ.

"ಏಳಮ್ಮ, ಟೈಮಾಯ್ತು," ಎಂದರು ಮೇಡಂ.

ನಾನು ಏಳಲಿಲ್ಲ. ಏಳಬಾರದೆಂದು ಮೊದಲೇ ಯೋಚಿಸಿದ್ದೆನೆಂದಲ್ಲ. ಕಾಲು ಮಿಷನ್ನಿನ ಮೇಲಿತ್ತು, ಅದು ತುಳಿಯುತ್ತಲೇ ಇತ್ತು. ಜೇಬಿನ ಹರಿದ ಜಾಗ ಎಂದೋ ಮುಗಿದಿತ್ತು. ನಾನು ಬಟ್ಟೆ ತಿರುಗಿಸಿ ಜೇಬಿನ ಬಾಯಿಗೆ ಹೊಲಿಗೆ ಹಾಕತೊಡಗಿದೆ.

"ಏಯ್, ಕಿವುಡಾ ನಿಂಗೆ? ಎದ್ದೇಳೇ," ಎಂದರು ಸಾಹೇಬರು.

"ಯಾರೂ ಎಬ್ಬಿಸೋ ಹಾಗಿಲ್ಲ ಅಂದ್ರಲ್ಲ ಸರ್."

"ಅದು ಪಾಠಕ್ಕೆ ಹೇಳಿದ್ದು."

"ನನ್ನನ್ನ ಕರೆಸಿದ್ದೂ ಪಾಠಕ್ಕೇ ಅಲ್ವಾ ಸರ್. ಮುಗಿಸ್ಕೊಂಡು ಏಳ್ತೀನಿ."

ಮೇಡಂ ಕಟ್ಟಡದ ಕಾವಲುಗಾರನನ್ನು ಕರೆದರು. ಅವನು ಟೇಪಿನ ಹೊರಗೇ ನಿಂತ. "ನಮಗೆ ಕಟ್ಟಡ ಕಾಯಕ್ಕೆ ಹೇಳಿರೋದು ಮೇಡಂ. ಬೆಳಿಗ್ಗೆ ನೀವೇ ಹೇಳಿದ್ರಿ, ಇವತ್ತು ಇದು ಬೀದಿ ಅಂತ. ಬೀದಿಗೆ ನಗರಸಭೆಯವರು ಬರ್ಬೇಕು."

ಸಾಹೇಬರು ನಗರಸಭೆಯ ಮೇಸ್ತ್ರಿಯ ಕಡೆ ತಿರುಗಿದರು. "ನೋಡ್ತಾ ನಿಂತಿದೀಯಲ್ಲೋ. ಎತ್ತೋ ಮಿಷನ್ನ."

ಮೇಸ್ತ್ರಿ ಪಾಪ ವಿಧೇಯ. ಓಡಿ ಬಂದು ಮಿಷನ್ನಿಗೆ ಕೈ ಹಾಕಿದ. ಕಾಲಿಗೆ ಕಟ್ಟಿದ್ದ ಮಗುವನ್ನು ನೋಡಿ ಒಂದು ಕ್ಷಣ ತಡೆದ. ಆಮೇಲೆ ಕೋಟು ನೋಡಿದ. "ಕೋಟೂ ಎತ್ತೋದಾ ಸರ್?"

"ಕೋಟು ನಂದು ಕಣೋ, ಬೋಳಿಮಗನೆ."

"ಹೌದು ಸರ್. ಆದ್ರೆ ಮಿಷನ್ ಮೇಲಿರೋದೆಲ್ಲ ಮಿಷನ್ ಜೊತೆಗೇ ಜಪ್ತಿ ಅಂತ ನೀವೇ ಹೇಳಿದ್ರಲ್ಲ. ಅವತ್ತು ಇವ್ರ ಗಿರಾಕಿಗಳ ಬಟ್ಟೆನೂ ಹಾಕ್ಕೊಂಡು ಹೋದ್ವಲ್ಲ ಸರ್. ಒಂದು ಸ್ಕೂಲ್ ಲಂಗ ಇತ್ತು, ಆ ಹೆಂಗಸು ಬಂದು ಅತ್ರೂ ಕೊಡ್ಲಿಲ್ಲ."

"ಅದು ಬೇರೆ. ಇದು ಬೇರೆ."

"ಹೆಂಗೆ ಸರ್?" ಮೇಸ್ತ್ರಿ ವ್ಯಂಗ್ಯಕ್ಕೆ ಕೇಳಲಿಲ್ಲ. ಮುಂದಿನ ಸಲಕ್ಕೆ ತಿಳಿದಿರಲಿ ಎಂದು ಕೇಳಿದ. ಆಮೇಲೆ ತಾನೇ ಸಮಾಧಾನ ಹೇಳಿದ: "ಚಿಂತೆ ಮಾಡ್ಬೇಡಿ ಸರ್. ಅಂಗಳಕ್ಕೆ ಬಂದು ಕಿಟಕಿ ಹತ್ರ ಕೇಳಿದ್ರೆ ಹೇಳ್ತಾರೆ. ಒಂದೊಂದ್ಸಲ ಬೇಗ ಸಿಗತ್ತೆ."

"ಅದ್ರಲ್ಲಿ ನನ್ನ ಕಾರಿನ ಕೀ ಇದೆ."

"ಮಿಷನ್ ಜೊತೆ ಭದ್ರವಾಗಿರ್ತದೆ ಸರ್."

ಸಾಹೇಬರು ಮುಂದೆ ಬಂದು ಕೋಟಿನ ತೋಳು ಹಿಡಿದು ಎಳೆದರು. ಅಷ್ಟರಲ್ಲಿ ಜೇಬು ಮುಗಿದು ಇನ್ನೊಂದು ತೋಳು ಸೂಜಿಯ ಕೆಳಗೆ ಬಂದಿತ್ತು. ಬಟ್ಟೆ ಕರ್ ಎಂದಿತು, ಅವರು ಕೈ ಸುಟ್ಟುಕೊಂಡವರಂತೆ ಬಿಟ್ಟುಬಿಟ್ಟರು. ಫೋಟೋದವನು ಆಗಲೇ ಕ್ಯಾಮೆರಾ ಎತ್ತಿದ್ದ. "ಸರ್, ಕೈ ಮಾಡ್ಬೇಡಿ, ಎಲ್ಲ ಫೋಟೋದಲ್ಲಿ ಬೀಳ್ತಾ ಇದೆ," ಎಂದು ಮೇಡಂ ಪಿಸುಗುಟ್ಟಿದರು.

"ಒಂದು ಮಾತು ಹೇಳ್ಲಾ ಸಾಹೇಬ," ಎಂದಳು ಅತ್ತೆ, ನನ್ನ ಒಳ್ಳೆಯ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ. "ಕೋಟು ಬೇಕಂದ್ರೆ ಮಿಷನ್ ಇಲ್ಲೇ ಇರ್ಬೇಕು. ಮಿಷನ್ ಒಯ್ಯೋದಾದ್ರೆ ಕೋಟೂ ಹೋಗ್ಲಿ. ನಿನ್ನ ಮಗಳ ಮುಂದೆ ಏನು ಹೇಳ್ಕೊಳ್ತೀಯೋ ಹೇಳ್ಕೊ. ನಾವಂತೂ ಆ ಲಂಗದವಳ ಹತ್ರ ತಿಂಗಳಿಂದ ಉಗಿಸ್ಕೊಳ್ತಾ ಇದೀವಿ."

ಬಸ್ಸಿನವರು ಹಗ್ಗ ಕೆಳಗಿಟ್ಟು ಬಂದು ಸುತ್ತ ನಿಂತರು. ಒಬ್ಬ ತನ್ನ ಪ್ಯಾಂಟಿನ ಕಿತ್ತ ಹುಕ್ಕನ್ನು ಮುಟ್ಟಿ ನೋಡಿಕೊಂಡ, ಕೇಳಲೋ ಬೇಡವೋ ಎಂಬಂತೆ.

"ಇನ್ನೆಷ್ಟು ಹೊತ್ತಮ್ಮ?" ಎಂದರು ಸಾಹೇಬರು ಕೊನೆಗೆ. ದನಿ ಇಳಿದಿತ್ತು.

"ಆಗ್ತಾ ಇದೆ ಸರ್."

ಮಗಳು ನನ್ನ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ತುಳಿದಾಗಲೆಲ್ಲ ಅವಳ ತಲೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಜೇಬು ಮುಚ್ಚಿಯಾಗಿತ್ತು. ಎರಡೂ ತೋಳಿನ ಬಾಯಿ ಮುಚ್ಚಿಯಾಗಿತ್ತು. ಕೊರಳು ಅರ್ಧಕ್ಕೆ ಬಂದಿತ್ತು. ಕೋಟಿನೊಳಗೆ ಮೊಬೈಲು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಹೊಲಿಗೆ ನಿಂತರೆ ಮೇಸ್ತ್ರಿ ಎತ್ತುತ್ತಾನೆ ಎಂಬುದು ನನಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಅವನು ಮಿಷನ್ನಿನ ಒಂದು ತುದಿ ಹಿಡಿದುಕೊಂಡೇ ಕಾಯುತ್ತಿದ್ದ.

ಬಾಬಿನ್ನಿನಲ್ಲಿ ದಾರ ಮುಗಿಯುತ್ತ ಬಂದಿತ್ತು. ತುಳಿತದ ಸದ್ದು ಹಗುರಾದದ್ದು ಅತ್ತೆಯ ಕಿವಿಗೂ ಬಿದ್ದಿರಬೇಕು. ತಿರುಗಿ ನೋಡಿದೆ. ಅವಳು ಕಿಟಕಿಯ ಹತ್ತಿರ ಹೋಗಿ, ಉದ್ದನೆಯ ಸರಕಾರಿ ಪರದೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ದಾರ ಎಳೆದೆಳೆದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ತುಳಿಯೇ ನೀನು," ಎಂದಳು. "ಇಲ್ಲಿ ಕಿಟಕಿಗೇನು ಬರ."