ರೆಕ್ಕೆಯ ಎಮ್ಮೆಗೆ ಕೆಂಪು ಟಿಕಳಿ

ನಾನು ಒಂದು ಎಮ್ಮೆ. ಮೇವು ತಿಂದು ಹಾಲು ಕೊಡುವ ಎಮ್ಮೆಯಲ್ಲ. ದಪ್ಪ ಕಾಗದದ ಮೇಲೆ ನೀರುಬಣ್ಣದಲ್ಲಿ ಬರೆದ ಎಮ್ಮೆ. ನನಗೆ ಎರಡು ರೆಕ್ಕೆಗಳಿವೆ. ನಗಬೇಡಿ. ಕನ್ನಡದ ಗಾದೆಗಳಲ್ಲಿ ನಮ್ಮ ಕುಲಕ್ಕೆ ಮೊದಲೇ ಮರ್ಯಾದೆ ಕಡಿಮೆ. ಎತ್ತಿಗೆ ಜ್ವರ ಬಂದರೂ ಬರೆ ಬೀಳುವುದು ನಮಗೇ. ರೆಕ್ಕೆ ಸಿಕ್ಕಿದ್ದು ನನಗೊಬ್ಬಳಿಗೇ ಎಂದು ತೋರುತ್ತದೆ, ಹಾಗಾಗಿ ನನಗೆ ಸ್ವಲ್ಪ ಜಂಬವೂ ಇದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಒಂದು ಬಾಡಿಗೆ ಮನೆಯ ಪಡಸಾಲೆಯ ಕಿಟಕಿಯ ಕೆಳಗೆ. ನನ್ನನ್ನು ಬರೆದವಳು ದಾಕ್ಷಾಯಿಣಿ. ಸೀರೆ, ಕುಪ್ಪಸಗಳಿಗೆ ಕಸೂತಿ ಹಾಕಿಕೊಡುವುದು ಅವಳ ಕಸುಬು. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಆ ಕಿಟಕಿಯ ಮೂಲೆಗೆ ಬಂದು ಕೂತಳೆಂದರೆ ಮಾತ್ರ ಗಿರಾಕಿ ಹೇಳಿದ್ದನ್ನು ಬಿಟ್ಟು ತನಗೆ ಬೇಕಾದದ್ದನ್ನು ಬರೆಯುತ್ತಿದ್ದಳು. ಮೊದಲು ನನ್ನ ಕೊಂಬು ಬಂತು, ಆಮೇಲೆ ಬೆನ್ನು, ಆಮೇಲೆ ಕೆಳಗೆ ಉಣಕಲ್ ಕೆರೆ, ಅದರ ದಂಡೆಯ ಮರಗಳು. ರೆಕ್ಕೆಗೆ ಮಾತ್ರ ಅವಳು ಬಹಳ ದಿನ ತೆಗೆದುಕೊಂಡಳು. ಒಂದೊಂದು ಗರಿಯ ಒಳಗೂ ಕಸೂತಿಯ ಗೋಪುರ, ತುಳಸಿಕಟ್ಟೆ, ಆನೆ, ನವಿಲುಗಳನ್ನು ತುಂಬಿದಳು. ಕುಂಚದ ತುದಿ ಅಷ್ಟು ಸಣ್ಣಗಿರುತ್ತಿತ್ತು, ನನಗೆ ಕಚಗುಳಿಯಾಗುತ್ತಿತ್ತು.

ನನ್ನನ್ನು ಮೊದಲು ನೋಡಿದವಳು ದಾಕ್ಷಾಯಿಣಿಯ ಅತ್ತೆ ನೀಲಗಂಗವ್ವ. ಆಕೆಯ ಹಣೆಯಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡ ಕೆಂಪು ಟಿಕಳಿ ಇರುತ್ತಿತ್ತು. ಒಲೆಯ ಮುಂದಿನ ಬೆವರಿಗೆ ಕುಂಕುಮ ಇಳಿದು ಮೂಗಿಗೆ ಬರುತ್ತದೆಂದು ಆಕೆ ಈ ಅಂಟಿಸುವ ಬೊಟ್ಟಿಗೆ ಬದಲಾಗಿದ್ದಳು. ಆದರೆ ಅದಿಲ್ಲದೆ ಅಂಗಳಕ್ಕೂ ಇಳಿದವಳಲ್ಲ. ಮುತ್ತೈದೆಯ ಹಣೆ ಬೋಳು ಕಂಡರೆ ಮನೆಗೆ ಒಳ್ಳೆಯದಲ್ಲ ಎಂದು ಓಣಿಯ ಸೊಸೆಯಂದಿರನ್ನೆಲ್ಲ ಗದರುತ್ತಿದ್ದಳು.

"ಇದೇನವಾ ಇದು, ಎಮ್ಮಿಗೆ ರೆಕ್ಕಿ!" ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟಳು. "ಹಾರಿ ಹೋದ್ರ ಹಾಲ ಹಿಂಡೋರು ಯಾರು?"

ದಾಕ್ಷಾಯಿಣಿ ನಕ್ಕಳು. ನನಗೇನೋ ಆ ಮುದುಕಿಯ ಮೇಲೆ ಸಿಟ್ಟು ಬಂತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕಂಪ್ಯೂಟರಿನಿಂದ ನಡೆಯುವ ಕಸೂತಿ ಮಷಿನ್ನೊಂದನ್ನು ಮನೆಗೆ ತರುವ ಮಾತು ನಡೆದಿತ್ತು. ಅದಕ್ಕೆ ಬೆಳಕಿರುವ ಜಾಗ ಬೇಕು, ಮನೆಯಲ್ಲಿ ಬೆಳಕಿದ್ದದ್ದು ಆ ಕಿಟಕಿಯ ಮೂಲೆಯೊಂದರಲ್ಲೇ. ಚಿತ್ರದ ಸಾಮಾನು ಎತ್ತಿ ಮಷಿನ್ ಇಡಬೇಕೆಂದು ಹಟ ಹಿಡಿದವಳು ಈ ನೀಲಗಂಗವ್ವನೇ.

ಆ ಹೊತ್ತಿಗೆ ಊರಲ್ಲಿ ಒಂದು ಮೇಳದ ಸುದ್ದಿ ಬಂತು. ಕಾಮಿಕ್ಸ್, ಮಾಯಾಲೋಕದ ಕಥೆ, ಬಾಹ್ಯಾಕಾಶದ ಕಥೆ ಎಂದರೆ ಪ್ರಾಣ ಬಿಡುವ ಅಭಿಮಾನಿಗಳೆಲ್ಲ ಒಂದು ಭಾನುವಾರ ಕಲ್ಯಾಣ ಮಂಟಪವೊಂದರಲ್ಲಿ ಸೇರುವವರಿದ್ದರು. ತಮಗೆ ಇಷ್ಟವಾದ ಪಾತ್ರಗಳ ವೇಷ ಹಾಕಿಕೊಂಡು ಬರುತ್ತಾರಂತೆ, ಕೈಯಿಂದ ಬರೆದ ಚಿತ್ರಗಳ ಪ್ರದರ್ಶನ, ಮಾರಾಟವೂ ಇದೆಯಂತೆ. ದಾಕ್ಷಾಯಿಣಿ ಹೆಸರು ಕೊಟ್ಟು ಬಂದಳು. ಹೊಸಬರಿಗೆ ಒಂದೇ ಚಿತ್ರಕ್ಕೆ ಜಾಗ ಎಂದರು. ಅವಳು ನನ್ನನ್ನು ಆರಿಸಿ, ಕಟ್ಟು ಹಾಕಿಸಿ, ಗಾಜು ಕೂರಿಸಿದಳು.

ಮೇಳದ ಹಿಂದಿನ ದಿನ ಬೆಳಿಗ್ಗೆ ಗಂಡ ಮಹಾಂತೇಶ ರೊಟ್ಟಿ ತಿನ್ನುತ್ತ ಕೂತಿದ್ದಾಗ ಅವಳು ಹೇಳಿದಳು: "ಗುರ್ತಿಲ್ಲದವ್ರು ಒಬ್ಬರರ ನನ್ನ ಚಿತ್ರ ಬೇಕು ಅಂದ್ರ ಸಾಕ್ರಿ. ಯಾರೂ ಕೇಳ್ಲಿಲ್ಲ ಅಂದ್ರ ಬಣ್ಣದ ಡಬ್ಬಿ ಅಟ್ಟಕ್ಕ ಹಾಕಿಬಿಡ್ತೀನಿ. ಆ ಮೂಲಿಗೆ ಮಷಿನ್ ತಂದು ಇಡ್ರಿ. ಮತ್ತ ನಾ ಕುಂಚ ಹಿಡಿಯಂಗಿಲ್ಲ."

ಒಳಗೆ ನೀಲಗಂಗವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಮುದುಕಿಗೆ ಈಗ ಹಬ್ಬ ಎಂದುಕೊಂಡೆ ನಾನು.

ಕಲ್ಯಾಣ ಮಂಟಪದ ಬಾಗಿಲಿಗೆ ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಹಾಗೇ ಇತ್ತು. ಅದರ ನಡುವಿನಿಂದ ಬಂದವರನ್ನು ನೋಡಬೇಕಿತ್ತು ನೀವು. ರಟ್ಟಿನ ಕವಚ ತೊಟ್ಟ ಯೋಧರು, ಕೊಂಬು ಕಟ್ಟಿಕೊಂಡ ರಾಕ್ಷಸಿಯರು, ತಲೆಗೆ ಬಕೆಟ್ಟು ಮಗುಚಿಕೊಂಡ ಗಗನಯಾತ್ರಿಗಳು. ಇಷ್ಟು ಜನರ ನಡುವೆ ರೆಕ್ಕೆಯಿರುವ ಎಮ್ಮೆ ಏನೂ ವಿಶೇಷವಲ್ಲ ಎಂದು ನನಗೆ ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು.

ಪ್ರದರ್ಶನದ ಉಸ್ತುವಾರಿ ಇಮ್ತಿಯಾಜ್ ಎಂಬವರದು. ಅವರದು ಮಂತ್ರವಾದಿಯ ವೇಷ, ನೆಲ ಗುಡಿಸುವಷ್ಟು ಉದ್ದದ ಕರಿ ನಿಲುವಂಗಿ. ಪ್ರತಿ ಚಿತ್ರದ ಕೆಳಗೆ ಹೆಸರು, ಬೆಲೆ ಬರೆದ ಚೀಟಿ ಅಂಟಿಸಿದರು. ಮಾರಾಟವಾದರೆ ಕಟ್ಟಿನ ಮೂಲೆಗೆ ಒಂದು ದುಂಡನೆಯ ಕೆಂಪು ಚೀಟಿ ಬೀಳುತ್ತದೆ; ಚಿತ್ರ ಮಾತ್ರ ಸಂಜೆಯವರೆಗೆ ಗೋಡೆಯ ಮೇಲೇ ಇರಬೇಕು, ಆಮೇಲೆ ಕೊಂಡವರು ಒಯ್ಯಬೇಕು. ಇದು ಅಲ್ಲಿಯ ಪದ್ಧತಿ.

ನನ್ನ ಬಲಕ್ಕೆ ಬೆಂಕಿಯುಗುಳುವ ಒಂದು ಹಾರುವ ಹಾವಿತ್ತು. ಬಾಗಿಲು ತೆರೆದು ಸ್ವಲ್ಪ ಹೊತ್ತಿಗೇ ಅದಕ್ಕೆ ಕೆಂಪು ಬಿತ್ತು. ಎಡಕ್ಕೆ ಕತ್ತಿ ಹಿಡಿದ ರಾಣಿ, ಅವಳಿಗೂ ಬಿತ್ತು. ನನ್ನ ಮುಂದೆ ಜನ ನಿಲ್ಲುತ್ತಿದ್ದರು, ನಗುತ್ತಿದ್ದರು, ಫೋಟೋ ತೆಗೆದುಕೊಳ್ಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಒಬ್ಬ ರಾಕ್ಷಸ ಗೆಳೆಯನಿಗೆ "ಲೇ, ನಿಮ್ಮ ಮನಿ ಎಮ್ಮಿ ಇಲ್ಲೈತಿ ನೋಡಲೇ" ಎಂದ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ದಾಕ್ಷಾಯಿಣಿ ಅದಕ್ಕೂ ನಕ್ಕಳು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ನನ್ನಿಂದಲೇ ಅವಳ ಕುಂಚ ಅಟ್ಟಕ್ಕೆ ಹೋಗುತ್ತದಲ್ಲ ಎಂದುಕೊಂಡೆ.

ಮಧ್ಯಾಹ್ನ ನೀಲಗಂಗವ್ವ ಬುತ್ತಿ ಹಿಡಿದುಕೊಂಡು ಬಂದಳು. ರಾಕ್ಷಸರ ನಡುವೆ ದಾರಿ ಮಾಡಿಕೊಂಡು, "ಸರೀರಪಾ, ಸರೀರಿ" ಎನ್ನುತ್ತ ಬಂದವಳು ಸೊಸೆಯನ್ನು ಎಬ್ಬಿಸಿದಳು. "ಏಳವಾ, ಹಿಂದಿನ ಕಟ್ಟಿ ಮ್ಯಾಲೆ ಕುಂತು ಎರಡು ರೊಟ್ಟಿ ತಿಂದು ಬಾ. ನಿನ್ನ ಎಮ್ಮೀನ ನಾ ಕಾಯ್ತೀನಿ. ನನಗೇನು ಹೊಸದಲ್ಲ."

ದಾಕ್ಷಾಯಿಣಿ ಹೋದ ಮೇಲೆ ಆಕೆ ಸುತ್ತಲಿನ ಚಿತ್ರಗಳನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಇಮ್ತಿಯಾಜರ ನಿಲುವಂಗಿಯನ್ನು ಹಿಡಿದು ನಿಲ್ಲಿಸಿದಳು.

"ತಮ್ಮಾ, ಇವಕ್ಕೆಲ್ಲ ಕೆಂಪಂದು ಯಾಕ ಹಚ್ಚೀರಿ?"

"ಮಾರಾಟ ಆಗ್ಯಾವ ಅಂತ ಗುರ್ತು ರೀ ಅಮ್ಮಾರ."

"ನಮ್ಮದಕ್ಕ?"

"ಇನ್ನೂ ಯಾರೂ ಕೇಳಿಲ್ರಿ. ಸಂಜಿತನಕ ಟೈಮ್ ಐತಿ, ನೋಡೂಣ್ರಿ."

ಅವರು ಹೋದರು. ನೀಲಗಂಗವ್ವ ನನ್ನ ಮುಂದೆ ಕೂತಳು. ಅಷ್ಟು ಹೊತ್ತು ಆಕೆ ನನ್ನನ್ನು ಎಂದೂ ನೋಡಿರಲಿಲ್ಲ. ಕೊಂಬು, ಬೆನ್ನು, ಒಂದೊಂದೇ ಗರಿ, ಗರಿಯೊಳಗಿನ ತುಳಸಿಕಟ್ಟೆ, ಎಲ್ಲವನ್ನೂ ನೋಡಿದಳು. ಅತ್ತ ಇತ್ತ ಕಣ್ಣಾಡಿಸಿದಳು. ಮತ್ತೆ ಎದ್ದು ನಿಂತು, ಹಣೆಯ ಟಿಕಳಿಯನ್ನು ಉಗುರಿನಿಂದ ಮೀಟಿ ತೆಗೆದು, ನನ್ನ ಕಟ್ಟಿನ ಮೂಲೆಗೆ ಒತ್ತಿಬಿಟ್ಟಳು.

ಅಂಗಳಕ್ಕೂ ಬೋಳು ಹಣೆಯಲ್ಲಿ ಇಳಿಯದಿದ್ದ ಹೆಂಗಸು ಈಗ ಊರಿನ ಜನರೆದುರು ಬೋಳು ಹಣೆಯಲ್ಲಿ ಕೂತಿದ್ದಳು. ಟಿಕಳಿ ಇದ್ದ ಜಾಗದಲ್ಲಿ ಒಂದು ಬಿಳಿಚಿದ ದುಂಡು ಗುರುತಿತ್ತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ನಾನು ದಂಗಾಗಿ ಹೋದೆ. ಇಷ್ಟು ದಿನ ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ದಾಕ್ಷಾಯಿಣಿ ಕೈ ಒರೆಸಿಕೊಳ್ಳುತ್ತ ಬಂದಳು. ಕೆಂಪು ಕಂಡಿತು. ಅವಳು ಅಲ್ಲೇ ನಿಂತಳು.

"ಅತ್ತೀ... ಯಾರು ತಗೊಂಡ್ರೀ?"

"ಯಾರೋ ಒಬ್ರು ಬಂದಿದ್ರವಾ," ಎಂದಳು ನೀಲಗಂಗವ್ವ, ನೆಲ ನೋಡುತ್ತ. "ಛಲೋ ಐತಿ ಅಂದ್ರು. ಹೆಸರು ಕೇಳಾಕ ಮರತೆ."

ದಾಕ್ಷಾಯಿಣಿ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. "ಮಾರಿ ತೊಳಕೊಂಡ್ ಬರ್ತೀನ್ರಿ" ಎಂದವಳೇ ನಲ್ಲಿಯ ಕಡೆ ಓಡಿದಳು. ಪಾಪ, ಎಷ್ಟು ಸಂತೋಷ ಅವಳಿಗೆ ಎಂದುಕೊಂಡೆ.

ಅವಳು ಅತ್ತ ಹೋದದ್ದೇ ತಡ, ಇತ್ತ ಬಂದಳು ಬೆಳ್ಳಿ ಬಣ್ಣದ ಉಡುಪಿನ ಒಬ್ಬ ಗಗನಯಾತ್ರಿ. ಬಕೆಟ್ಟಿನ ಶಿರಸ್ತ್ರಾಣ ತೆಗೆದು ಬಗಲಿಗೆ ಇಟ್ಟುಕೊಂಡು ನನ್ನ ಮುಂದೆ ನಿಂತಳು. ಆಕೆ ಗದಗಿನ ಹಲ್ಲಿನ ಡಾಕ್ಟರು, ಹೇಮಲತಾ ಮುದಗಲ್ ಎಂದು ಆಮೇಲೆ ಗೊತ್ತಾಯಿತು. ಮೊದಲು ಮುಗುಳ್ನಕ್ಕಳು, ಆಮೇಲೆ ಬಗ್ಗಿ ಗರಿಗಳೊಳಗಿನ ನವಿಲು ಹುಡುಕಿದಳು, ಆಮೇಲೆ ಗಟ್ಟಿಯಾಗಿಯೇ ನಕ್ಕಳು. ಗುರುತಿಲ್ಲದವರು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣು ಮೂಲೆಗೆ ಹೋಯಿತು.

"ಅಯ್ಯ, ಹೋಗೇಬಿಟ್ಟೈತಲ್ಲ!" ಎಂದಳು. "ನನ್ನ ದವಾಖಾನಿ ಗ್ವಾಡಿಗೆ ಇಂಥಾದ್ದು ಒಂದು ಹುಡುಕಾಕತ್ತಿದ್ದೆ. ಬರೋರೆಲ್ಲ ಹೆದರಿಕೊಂಡೇ ಬರ್ತಾರ. ಇದನ್ನ ನೋಡಿದ್ರ ಹಲ್ಲಿನ ಬ್ಯಾನಿ ಅರ್ಧ ಮರೀತಿದ್ರು. ನಮ್ಮ ಪುಣ್ಯ ಇಲ್ಲ ಬಿಡ್ರಿ."

ಅವಳು ಶಿರಸ್ತ್ರಾಣ ಮಗುಚಿಕೊಂಡು ತಿರುಗಿದಳು. ನಾನು ಒಳಗೊಳಗೇ ಚೀರಿದೆ. ರೆಕ್ಕೆಯಿದ್ದೂ ಹಾರಲಾರದ ಸಂಕಟ ನನಗೆ ಗೊತ್ತಾದದ್ದು ಆಗಲೇ.

"ಬಾಯಾರ, ನಿಂದರ್ರಿ!" ಎಂದು ನೀಲಗಂಗವ್ವ ಕುರ್ಚಿಯಿಂದ ಎದ್ದಳು. ಟಿಕಳಿಯನ್ನು ಕಿತ್ತು, ಹಣೆಯ ಬಿಳಿಚಿದ ಗುರುತಿನ ಮೇಲೆ ಒತ್ತಿಕೊಂಡಳು. "ಇದು ನಂದ್ರೀ. ಚಿತ್ರ ಇನ್ನೂ ಹೋಗಿಲ್ಲ, ತಗೋರಿ."

ಡಾಕ್ಟರು ಬಕೆಟ್ಟಿನೊಳಗಿನಿಂದ ಪಿಳಿಪಿಳಿ ಕಣ್ಣು ಬಿಟ್ಟಳು. "ಯಾಕ್ರೀ ಅವ್ವಾರ ಹಿಂಗ ಮಾಡಿದ್ರಿ?"

"ನಮ್ಮ ಸೊಸಿ ರೀ ಬರದಾಕಿ. ಮಾರಿ ಸಣ್ಣದ ಮಾಡಿಕೊಂಡು ಕುಂತಿತ್ತು ಕೂಸು. ನೋಡಾಕ ಆಗಲಿಲ್ಲ," ಎಂದಳು. ಆಮೇಲೆ ದನಿ ಇಳಿಸಿ, "ಆಕಿ ಮುಂದ ಅನ್ನಬ್ಯಾಡ್ರಿ."

ಡಾಕ್ಟರು ಚೀಟಿಯಲ್ಲಿದ್ದ ಬೆಲೆಗೆ ತಕರಾರಿಲ್ಲದೆ ಒಪ್ಪಿದಳು. ಚೌಕಾಸಿಗೆ ಸೆರಗು ಕಟ್ಟಿ ನಿಂತಿದ್ದ ನೀಲಗಂಗವ್ವನಿಗೆ ಅದರಿಂದ ಸ್ವಲ್ಪ ನಿರಾಶೆಯೇ ಆಯಿತೆಂದು ನನ್ನ ಗುಮಾನಿ. ಮಂತ್ರವಾದಿ ಬಂದು ನಿಜವಾದ ಕೆಂಪು ಚೀಟಿ ಅಂಟಿಸಿದರು. ದಾಕ್ಷಾಯಿಣಿ ತೊಳೆದ ಮುಖದಲ್ಲಿ ತಿರುಗಿ ಬಂದಾಗ ಕೆಂಪು ನನ್ನ ಮೂಲೆಯಲ್ಲೂ ಇತ್ತು, ಅತ್ತೆಯ ಹಣೆಯಲ್ಲೂ ಇತ್ತು. ಅವಳು ಎರಡನ್ನೂ ನೋಡಿ, ಎದುರಿಗೆ ನಿಂತ ಗಗನಯಾತ್ರಿಗೆ ಕೈ ಮುಗಿದಳು.

ಅಂದು ಸಂಜೆ ನಾನು ಗದಗಿಗೆ ಹೋದೆ. ಅಂದಿನಿಂದ ದವಾಖಾನೆಯ ಹೊರಕೋಣೆಯ ಗೋಡೆಯೇ ನನ್ನ ಮನೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇಲ್ಲಿ ಬಾಯಿ ಬಿಡದೆ ಗತಿಯಿಲ್ಲ. ಕೆನ್ನೆ ಊದಿಸಿಕೊಂಡು ಬಂದವರು ನನ್ನನ್ನು ಕಂಡು ನಗಲು ಹೋಗಿ, ನೋವಾಗಿ, ಮತ್ತೆ ನಗುತ್ತಾರೆ. ದಾಕ್ಷಾಯಿಣಿ ಕುಂಚ ಬಿಟ್ಟಿಲ್ಲವೆಂದು ಡಾಕ್ಟರ ಮಾತಿನಿಂದ ತಿಳಿಯುತ್ತಿತ್ತು. ಪ್ರತಿ ವರ್ಷದ ಮೇಳದಲ್ಲೂ ಅವಳ ಚಿತ್ರ ಇರುತ್ತದಂತೆ, ಮಷಿನ್ನು ಅಡುಗೆಮನೆಯ ಪಕ್ಕ ಲೈಟು ಹಾಕಿಕೊಂಡು ನಡೆಯುತ್ತದಂತೆ. ಕೇಳಿದಾಗಲೆಲ್ಲ ನನ್ನ ಜಂಬ ಒಂದು ಗೇಣು ಏರುತ್ತಿತ್ತು. ಮಾರಾಟವಾಗಿ ಆ ಮೂಲೆಯನ್ನು ಉಳಿಸಿದವಳು ನಾನೇ ಅಲ್ಲವೇ?

ಹಲವು ವರ್ಷಗಳ ಮೇಲೆ ಒಂದು ದಿನ ನೀಲಗಂಗವ್ವ ಹಲ್ಲಿನ ಸೆಟ್ ಕಟ್ಟಿಸಲು ಬಂದಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಗೇನು ಬರವೇ? ಆದರೆ ಎಮ್ಮೆ ಇರುವ ದವಾಖಾನೆಯೇ ಬೇಕೆಂದು ಹಟ ಮಾಡಿದಳಂತೆ. ನನ್ನ ಎದುರಿನ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಕೆನ್ನೆ ಹಿಡಿದುಕೊಂಡಿದ್ದ ಹೆಂಗಸಿನ ಮೊಣಕೈ ತಿವಿದಳು.

"ಅದನ್ನ ನೋಡಿದೇನವಾ? ನಮ್ಮ ಸೊಸಿ ಬರದದ್ದು. ನಮ್ಮ ಸೀಮ್ಯಾಗ ಇಂಥಾ ಕೈ ಇನ್ನೊಂದಿಲ್ಲ ತಿಳಕೋ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ದಾಕ್ಷಾಯಿಣಿಗೆ ಅದು ಕೇಳಿಸಿತು. ಮನೆಯಲ್ಲಿ ಎಂದೂ ಬಾರದ ಮಾತದು. ಅವಳು ಬಂದು ಅತ್ತೆಯ ಪಕ್ಕ ಕೂತಳು.

"ಅತ್ತೀ, ನಿಮಗೊಂದು ಮಾತು ಹೇಳಬೇಕು ಅಂತ ಇಷ್ಟ ದಿನ ಇಟ್ಟುಕೊಂಡೀನ್ರಿ. ಅವತ್ತು ಮಂಟಪದಾಗ ಸೆರಗಿನ ಕೆಳಗ ನಿಮ್ಮ ಹಣಿ ಬೋಳ್ ಇದ್ದದ್ದು ನಾ ನೋಡಿದ್ದೆ."

ನೀಲಗಂಗವ್ವನ ಕೈ ಹಣೆಯ ಟಿಕಳಿಗೆ ಹೋಯಿತು.

"ಮಾರಿ ತೊಳಕೊಳ್ಳಾಕ ಅಲ್ರಿ ನಾ ಹೋದದ್ದು. ಅಳು ತಡಿಯಾಕ ಆಗಲಿಲ್ಲ. ಕುಂಚ ಬಿಡಂಗಿಲ್ಲ ಅಂತ ಆ ನಲ್ಲಿ ಮುಂದ ನಿಂತಾಗನ ಠರಾಯಿಸಿದೆ. ಡಾಕ್ಟರ್ ಬಂದದ್ದು ಆಮ್ಯಾಲೆ."

ನನ್ನ ಇಷ್ಟು ವರ್ಷದ ಜಂಬ ಒಂದೇ ಮಾತಿಗೆ ಠುಸ್ ಎಂದಿತು. ಮೂಲೆಯನ್ನು ಉಳಿಸಿದವಳು ನಾನಲ್ಲ, ಗಗನಯಾತ್ರಿಯೂ ಅಲ್ಲ. ಆದರೂ ನನಗೆ ಬೇಸರವಾಗಲಿಲ್ಲ. ಹಾಗೆ ಸೋಲುವುದರಲ್ಲೂ ಒಂದು ಹಿತವಿತ್ತು.

ನೀಲಗಂಗವ್ವ ಸೊಸೆಯ ಕಡೆ ತಿರುಗಿದಳು. "ಗೊತ್ತಿದ್ದೂ ಸುಮ್ಮ ಇದ್ದೇನವಾ ನನ್ನ ಕಳ್ಳೀ" ಎಂದು ಸೊಸೆಯ ಕೈ ಹಿಡಿದುಕೊಂಡಳು. ಆಮೇಲೆ ಚೀಲದಿಂದ ಟಿಕಳಿಯ ಪಾಕೀಟು ತೆಗೆದಳು. ಎದ್ದು ಬಂದು, ಗಾಜಿನ ಮೇಲೆ, ನನ್ನ ಎರಡು ಕೊಂಬುಗಳ ನಡುವೆ, ಒಂದು ಟಿಕಳಿಯನ್ನು ಗಟ್ಟಿಯಾಗಿ ಒತ್ತಿದಳು.

"ನೀನೂ ಬೋಳ ಹಣಿಲೆ ಇರಬ್ಯಾಡ," ಎಂದಳು.

ಈಗ ಆಕೆ ಇಲ್ಲ. ಡಾಕ್ಟರ ಕೂದಲು ನೆರೆತಿದೆ. ಬಿಸಿಲು ಬೀಳುವ ಕಡೆ ನನ್ನ ನೀಲಿ ಮಾಸಿದೆ, ಎಡ ರೆಕ್ಕೆಯ ಆನೆಯೊಂದು ಅಳಿಸಿಯೇ ಹೋಗಿದೆ. ಕಟ್ಟಿನ ಮೂಲೆಯ ಕೆಂಪು ಚೀಟಿ ಯಾವಾಗ ಉದುರಿತೋ ನೆನಪಿಲ್ಲ. ಟಿಕಳಿ ಮಾತ್ರ ಹಾಗೇ ಇದೆ. ಗಾಜು ಒರೆಸುವ ಮಲ್ಲಮ್ಮ ಮೊದಲ ದಿನವೇ ಅದರ ಸುತ್ತ ಬಟ್ಟೆ ತಿರುಗಿಸುವುದನ್ನು ಕಲಿತಳು. ಇವತ್ತು ಬೆಳಿಗ್ಗೆಯೂ ಹಾಗೇ ಒರೆಸಿ ಹೋದಳು.